ವಿಶ್ವವಿದ್ಯಾಲಯದವರು ನಮ್ಮ ಹೈಸ್ಕೂಲಿಗೆ ಕೆರೆ ನೀರಿನ ಪ್ರಾಜೆಕ್ಟ್ ತರುತ್ತಾರಂತೆ. ಒಪ್ಪಿಕೊಳ್ಳಲಾ?

ಸಿಬಿಝಡ್ ಮಿಸ್

ಎಲ್ಲರಿಗೂ ನಮಸ್ಕಾರ. ನಾನು ಬಯಲುಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಿಬಿಝಡ್ (ರಸಾಯನಶಾಸ್ತ್ರ, ಜೀವಶಾಸ್ತ್ರ) ಶಿಕ್ಷಕಿ. ಈಚೆಗೆ ಒಂದು ವಿಶ್ವವಿದ್ಯಾಲಯದ ಪರಿಸರ ವಿಜ್ಞಾನ ವಿಭಾಗದಿಂದ ಪತ್ರ ಬಂದಿದೆ. ಒಂಬತ್ತನೇ ತರಗತಿ ಮಕ್ಕಳ ಜೊತೆ ಸೇರಿ ನಮ್ಮೂರ ಕೆರೆ ನೀರು, ಬೋರ್‌ವೆಲ್ ನೀರು ಪರೀಕ್ಷೆ ಮಾಡುತ್ತಾರಂತೆ. ಪಿಎಚ್‌ಡಿ ಮಾಡುತ್ತಿರುವ ಇಬ್ಬರು ಬರುತ್ತಾರೆ ಅಂತ ಬರೆದಿದ್ದಾರೆ.

ಓದಿ ಖುಷಿಯಾಯಿತು. ಆದರೆ ಹಿಂದಿನ ಅನುಭವ ಚೆನ್ನಾಗಿಲ್ಲ. ಬೇರೊಂದು ಸಂಸ್ಥೆಯವರು ಒಂದು ಸಲ ಜೂನ್ 5ರ ಪರಿಸರ ದಿನಕ್ಕೆ ಬಂದಿದ್ದರು. ಬ್ಯಾನರ್ ಕಟ್ಟಿದರು, ಇಂಗ್ಲಿಷ್ ಸ್ಲೈಡ್ ಹಾಕಿ ಓಝೋನ್ ಬಗ್ಗೆ ಮಾತಾಡಿದರು, ಗಿಡ ನೆಟ್ಟರು, ಫೋಟೋ ತೆಗೆಸಿಕೊಂಡರು. ಹೋಗುವಾಗ ಶಾಲೆಯ ಬೋರ್‌ವೆಲ್ ನೀರನ್ನೂ ಪರೀಕ್ಷೆಗೆ ಅಂತ ತೆಗೆದುಕೊಂಡು ಹೋದರು. ಆಮೇಲೆ ಸುದ್ದಿಯೇ ಇಲ್ಲ. ಮಕ್ಕಳು ಆ ವರ್ಷ ಪೂರ್ತಿ "ಮಿಸ್, ನಮ್ಮ ನೀರು ಏನಾಯ್ತು?" ಅಂತ ಕೇಳುತ್ತಲೇ ಇದ್ದರು. ಫೋನ್ ಮಾಡಿದರೆ ಒಬ್ಬರು ಇನ್ನೊಬ್ಬರ ನಂಬರ್ ಕೊಡುತ್ತಿದ್ದರು.

ಎಚ್.ಎಂ. ಸರ್ ಬೇಡ ಅನ್ನುತ್ತಿಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಪೆಟ್ಟು ಬೀಳಬಾರದು, ಕೆರೆ ಹತ್ತಿರ ಯಾವ ಮಗುವಿಗೂ ಏನೂ ಆಗಬಾರದು, ಇಷ್ಟೇ ಅವರ ಮಾತು. ಇಂಥದ್ದನ್ನು ಮಾಡಿಸಿದವರು ಯಾರಾದರೂ ಇದ್ದೀರಾ? ಒಪ್ಪಿಕೊಳ್ಳುವ ಮೊದಲು ಅವರ ಹತ್ತಿರ ಏನೇನು ಕೇಳಬೇಕು?

ಹೊಂಗೆ ನೆರಳು

ಒಪ್ಪಿಕೊಳ್ಳಿ ಮೇಡಂ. ಫಲಿತಾಂಶವನ್ನು ಶಾಲೆಗೆ ಬಂದು ಮಕ್ಕಳ ಎದುರೇ ಹೇಳಬೇಕು ಅಂತ ಪತ್ರದಲ್ಲೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆ ಮುಂದೆ ನೋಡಿದರೆ ಬೇಡ ಅನ್ನಿ.

ನಿವೃತ್ತ ಮೇಷ್ಟ್ರು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹೈಸ್ಕೂಲ್ ಶಿಕ್ಷಕರ ಮೇಲೆ ಈಗಾಗಲೇ ಎಷ್ಟು ಹೊರೆ ಇದೆ ಅಂತ ಯೋಚನೆ ಮಾಡಿ. ಸ್ಯಾಟ್ಸ್‌ನಲ್ಲಿ ಮಕ್ಕಳ ಆನ್‌ಲೈನ್ ದಾಖಲೆ ಎಂಟ್ರಿ, ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಚುನಾವಣೆ ಕೆಲಸ, ತರಬೇತಿ. ಇದರ ನಡುವೆ ಪಾಠ ಮುಗಿಸಬೇಕು. ವಿಶ್ವವಿದ್ಯಾಲಯದವರು ಬಂದರೆ ಅವತ್ತಿನ ನಾಲ್ಕು ಪಿರಿಯಡ್ ಹೋಯಿತು. ಮಕ್ಕಳನ್ನು ಸೇರಿಸಿ, ಪೋಷಕರ ಒಪ್ಪಿಗೆ ಪತ್ರ ತರಿಸಿ, ಬಂದವರಿಗೆ ಊಟದ ವ್ಯವಸ್ಥೆ ಮಾಡಿ, ಕೊನೆಗೆ ವರದಿ ಬರೆಯುವುದೂ ಟೀಚರ್ ತಲೆಗೇ ಬರುತ್ತದೆ. ಅವರಿಗೆ ಸಂಶೋಧನಾ ಪೇಪರ್, ನಮಗೆ ಕೆಲಸ.

ಪರಿಸರ ಕಲಿಸುವುದಕ್ಕೆ ಹೊರಗಿನವರು ಯಾಕೆ ಬೇಕು? ಹತ್ತನೇ ತರಗತಿಯಲ್ಲಿ 'ನಮ್ಮ ಪರಿಸರ' ಪಾಠ ಇದೆಯಲ್ಲ, ಅದನ್ನೇ ಚೆನ್ನಾಗಿ ಮಾಡಿ.

ಕೆರೆಕೋಡಿ

ಮೇಷ್ಟ್ರೇ, ಆ ಪಾಠದಲ್ಲಿ ಆಹಾರ ಸರಪಳಿ, ವಿಷ ಮೇಲಿನ ಹಂತಕ್ಕೆ ಹೋದ ಹಾಗೆ ಜಾಸ್ತಿಯಾಗುವುದು, ಓಝೋನ್, ಕಸ, ಎಲ್ಲ ಇದೆ. ಆದರೆ ಶಾಲೆಯ ಹಿಂದೆ ಇರುವ ಕೆರೆ ಇಲ್ಲ. ಮಕ್ಕಳಿಗೆ ಓಝೋನ್ ಪದರ ತೆಳುವಾಗಿದ್ದು ಗೊತ್ತು, ತಮ್ಮೂರ ಕೆರೆಗೆ ಎಲ್ಲಿಂದ ನೀರು ಬರುತ್ತದೆ ಅಂತ ಗೊತ್ತಿಲ್ಲ. ನನ್ನ ತರಗತಿಯಲ್ಲಿ ಕೇಳಿ ನೋಡಿದ್ದೇನೆ.

ಪಿಎಚ್‌ಡಿ ಮೂರನೇ ವರ್ಷ

ಆ ಕಡೆಯಿಂದ ನಾನು ಮಾತಾಡುತ್ತೇನೆ. ನಾನು ಕೆರೆಗಳ ಮೇಲೇ ಕೆಲಸ ಮಾಡುತ್ತಿದ್ದೇನೆ, ಶಾಲೆಗಳಿಗೂ ಹೋಗುತ್ತೇನೆ.

ಮೊದಲು ಒಂದು ಸತ್ಯ. ಶಾಲೆಗೆ ಹೋಗಿ ಬಂದರೆ ನಮ್ಮ ಪ್ರಬಂಧಕ್ಕೆ ಒಂದು ಸಾಲೂ ಸೇರುವುದಿಲ್ಲ. ಗೈಡ್ ಒಳ್ಳೆಯವರಾದರೆ ಬಿಡುತ್ತಾರೆ, ಇಲ್ಲವಾದರೆ "ಅದೆಲ್ಲ ಆಮೇಲೆ, ಮೊದಲು ಪೇಪರ್ ಬರಿ" ಅನ್ನುತ್ತಾರೆ. ಬಸ್ ಚಾರ್ಜು ನಮ್ಮ ಕೈಯಿಂದ. ಫೆಲೋಶಿಪ್ ತಡವಾಗಿ ಬಂದ ತಿಂಗಳಲ್ಲಿ ಅದೂ ಕಷ್ಟ. ವಿಭಾಗಕ್ಕೆ ಬೇಕಾಗಿರುವುದು ಫೋಟೋ. ವಿಶ್ವವಿದ್ಯಾಲಯಗಳ ಗುಣಮಟ್ಟ ನೋಡುವ ನ್ಯಾಕ್‌ನ ಮೌಲ್ಯಮಾಪನದಲ್ಲಿ ಸಂಶೋಧನೆಯ ಜೊತೆಗೆ ವಿಸ್ತರಣಾ ಚಟುವಟಿಕೆಯೂ ಇದೆ. ಅದಕ್ಕೆ ಫೋಟೋ, ಸಹಿ ಹಾಕಿದ ಹಾಜರಿ ಪಟ್ಟಿ, ಪತ್ರಿಕೆ ತುಣುಕು ಸಾಕು. ಮಕ್ಕಳು ಏನು ಕಲಿತರು ಅಂತ ಯಾರೂ ಕೇಳುವುದಿಲ್ಲ. ಮೇಡಂ ಹೇಳಿದ ಬ್ಯಾನರ್ ಕಥೆ ಬರುವುದು ಇಲ್ಲಿಂದಲೇ.

ಆದರೆ ಎಲ್ಲರೂ ಹಾಗಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2022ರಲ್ಲಿ ವೈಜ್ಞಾನಿಕ ಸಾಮಾಜಿಕ ಜವಾಬ್ದಾರಿಯ ಮಾರ್ಗಸೂಚಿ ತಂದಿದೆ. ವಿಜ್ಞಾನಿಗಳು ವರ್ಷಕ್ಕೆ ಕನಿಷ್ಠ 10 ದಿನವನ್ನು ಸಮಾಜಕ್ಕೆ ಕೊಡಬೇಕು ಅಂತ ಅದರಲ್ಲಿದೆ. ಮೇಡಂ, ಪತ್ರ ಬರೆದ ಪ್ರೊಫೆಸರ್‌ಗೆ ನೇರವಾಗಿ ಕೇಳಿ: "ಈ ಕೆಲಸ ನಿಮ್ಮ 10 ದಿನದ ಲೆಕ್ಕಕ್ಕೆ ಬರುತ್ತಾ? ಇದಕ್ಕೆ ದುಡ್ಡು ಇಟ್ಟಿದ್ದೀರಾ?" ಎರಡಕ್ಕೂ ಹೌದು ಅಂದರೆ ಅವರು ಮತ್ತೆ ಬರುತ್ತಾರೆ. ಇಲ್ಲ ಅಂದರೆ ಆ ಇಬ್ಬರು ಪಿಎಚ್‌ಡಿ ಹುಡುಗರ ಉತ್ಸಾಹ ಇರುವ ತನಕ ಮಾತ್ರ.

ಮಿನ್ನೆಸೋಟ ಕನ್ನಡಿಗ

ನಾನು ಅಮೆರಿಕದಲ್ಲಿ ಓದಿದವನು. ಇಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1999ರಲ್ಲಿ ಜಿಕೆ-12 ಅಂತ ಒಂದು ಕಾರ್ಯಕ್ರಮ ಶುರು ಮಾಡಿತ್ತು. ವಿಜ್ಞಾನದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಶಾಲೆಗೆ ಹೋಗುವುದಕ್ಕೇ ಫೆಲೋಶಿಪ್ ಕೊಡುತ್ತಿದ್ದರು. ಪ್ರತಿ ವಾರವೂ ಅದೇ ಶಾಲೆ, ಅದೇ ಟೀಚರ್, ವರ್ಷ ಪೂರ್ತಿ. ನನ್ನ ಲ್ಯಾಬಿನ ಸ್ನೇಹಿತ ಒಬ್ಬ ಅದರಲ್ಲಿದ್ದ. ಹಳ್ಳದ ನೀರಿನ ಕೀಟಗಳನ್ನು ಮಕ್ಕಳ ಜೊತೆ ಎಣಿಸುತ್ತಿದ್ದ. ಅವನೇ ಹೇಳುತ್ತಿದ್ದ, ತನ್ನ ಸಂಶೋಧನೆ ಏನು ಅಂತ ಹದಿನಾಲ್ಕು ವರ್ಷದ ಹುಡುಗರಿಗೆ ಅರ್ಥ ಆಗುವ ಹಾಗೆ ಹೇಳಲು ಹೋದಾಗಲೇ ತನಗೂ ಅದು ಸ್ಪಷ್ಟವಾಯಿತು ಅಂತ.

2011ರಲ್ಲಿ ಅದನ್ನು ನಿಲ್ಲಿಸಿದರು. ಆದರೂ ಸಂಶೋಧನೆಗೆ ಹಣ ಕೇಳುವಾಗ ಸಮಾಜಕ್ಕೆ ಏನು ಉಪಯೋಗ ಅಂತ ಬರೆಯಲೇಬೇಕು ಅನ್ನುವ ನಿಯಮ ಇಲ್ಲಿ ಇನ್ನೂ ಇದೆ. ಹಾಗಾಗಿ ಪ್ರೊಫೆಸರ್‌ಗಳು ಶಾಲೆಗಳನ್ನು ಹುಡುಕಿಕೊಂಡು ಹೋಗುತ್ತಾರೆ.

ನಿವೃತ್ತ ಮೇಷ್ಟ್ರು

ಅಲ್ಲಿನ ದುಡ್ಡು ಬೇರೆ, ಇಲ್ಲಿನ ಪರಿಸ್ಥಿತಿ ಬೇರೆ. ಸುಮ್ನೆ ಹೋಲಿಸಬೇಡಿ.

ಹೊಂಗೆ ನೆರಳು

ಇಲ್ಲೂ ಇದೆ ಮೇಷ್ಟ್ರೇ. ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೆಯುತ್ತಿದೆ. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸುತ್ತಾ ಬಂದಿದೆ. ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆ ಹಿಡಿದು ಅಧ್ಯಯನ ಮಾಡಬೇಕು, ಅದೇ ಅದರ ತಿರುಳು. ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರದವರು ಎರಡು ವರ್ಷಕ್ಕೊಮ್ಮೆ ಮಾಡುವ ಕೆರೆಗಳ ಸಮ್ಮೇಳನದಲ್ಲಿ ಶಾಲಾ ಮಕ್ಕಳೂ ತಮ್ಮ ಕೆರೆಯ ಅಧ್ಯಯನ ಮಂಡಿಸುತ್ತಾರೆ. ಐಐಎಸ್‌ಸಿಯ ಚಳ್ಳಕೆರೆ ಕ್ಯಾಂಪಸ್ಸಿನಲ್ಲಿ ವಿಜ್ಞಾನ ಶಿಕ್ಷಕರಿಗೆ ಅಲ್ಲೇ ಉಳಿಸಿಕೊಂಡು ತರಬೇತಿ ಕೊಡುತ್ತಾರೆ. ದಾರಿಗಳು ಇವೆ. ಹಳ್ಳಿ ಶಾಲೆಯ ತನಕ ಸುದ್ದಿ ತಲುಪುವುದಿಲ್ಲ, ಅಷ್ಟೇ.

ಮೈಸೂರ ಜೀವಶಾಸ್ತ್ರ

ನಾನು ಮಾಡಿಸಿದ್ದೇನೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಉಪಯೋಗ ಆಗಬಹುದು.

ನಮ್ಮ ಕೆರೆಯಲ್ಲಿ ಬೇಸಿಗೆ ಬಂದರೆ ಮೀನು ಸಾಯುತ್ತಿದ್ದವು. ಊರಿನವರಿಗೆ ಯಾರೋ ವಿಷ ಹಾಕಿದ್ದಾರೆ ಅಂತ ಅನುಮಾನ. ವಿಶ್ವವಿದ್ಯಾಲಯದಿಂದ ಬರುತ್ತಿದ್ದ ಹುಡುಗಿ ಮಕ್ಕಳಿಗೆ ವಿಷಯ ಹೇಳಲಿಲ್ಲ. "ಸತ್ತ ಮೀನು ನೀವು ನೋಡುವುದು ಯಾವ ಹೊತ್ತಿಗೆ?" ಅಂತ ಕೇಳಿದಳು. ಎಲ್ಲರೂ ಬೆಳಗ್ಗೆ ಅಂದರು. ಸರಿ, ಹಾಗಾದರೆ ಬೆಳಗ್ಗೆಯೂ ಅಳೆಯೋಣ, ಮಧ್ಯಾಹ್ನವೂ ಅಳೆಯೋಣ ಅಂದಳು.

ನೀರಿನಲ್ಲಿ ಕರಗಿದ ಆಮ್ಲಜನಕ ನೋಡುವ ವಿಂಕ್ಲರ್ ವಿಧಾನ ಇದೆಯಲ್ಲ, ಅದು. ಎರಡು ದ್ರಾವಣ ಹಾಕಿದ ಕೂಡಲೇ ಬಾಟಲಿಯಲ್ಲಿ ಕಂದು ಬಣ್ಣದ ಗಷ್ಟು ಕೂರುತ್ತದೆ. ಆಮ್ಲಜನಕ ಇಲ್ಲದಿದ್ದರೆ ಬಿಳಿಯಾಗಿಯೇ ಉಳಿಯುತ್ತದೆ. ಆಮ್ಲ ಹಾಕಿದರೆ ಗಷ್ಟು ಕರಗಿ ಹಳದಿ ನೀರು. ಅದಕ್ಕೆ ಸ್ಟಾರ್ಚ್ ಹಾಕಿದರೆ ಕಡು ನೀಲಿ. ಬ್ಯುರೆಟ್ ಅನ್ನುವ ಅಳತೆ ಕೊಳವೆಯಿಂದ ತೊಟ್ಟು ತೊಟ್ಟಾಗಿ ಥಯೋಸಲ್ಫೇಟ್ ಬಿಡುತ್ತಾ ಹೋದರೆ ಒಂದು ತೊಟ್ಟಿಗೆ ನೀಲಿ ಪೂರ್ತಿ ಮಾಯ. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಪಾಠದ ಹೊತ್ತಿನಲ್ಲಿ ಕಿಟಕಿ ಹೊರಗೇ ನೋಡುವ ಹುಡುಗ ಅವತ್ತು ಬ್ಯುರೆಟ್ ಬಿಟ್ಟುಕೊಡಲಿಲ್ಲ.

ಮಧ್ಯಾಹ್ನ ಆಮ್ಲಜನಕ ತುಂಬಾ ಜಾಸ್ತಿ. ಬೆಳಗಿನ ಜಾವ ಲೀಟರಿಗೆ ಎರಡು ಮಿಲಿಗ್ರಾಂ ಕೂಡ ಇಲ್ಲ. ಹಸಿರುಗಟ್ಟಿದ ಕೆರೆ ಅದು. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಪಾಚಿಯೂ ಉಸಿರಾಡುತ್ತದೆ, ಬೆಳಗಾಗುವ ಹೊತ್ತಿಗೆ ಮೀನಿಗೆ ಏನೂ ಉಳಿದಿರುವುದಿಲ್ಲ. ವಿಷ ಯಾರೂ ಹಾಕಿರಲಿಲ್ಲ. ಚರಂಡಿ ನೀರು ಬಂದು ಪಾಚಿ ಬೆಳೆದಿತ್ತು. ದ್ಯುತಿಸಂಶ್ಲೇಷಣೆ, ಉಸಿರಾಟ ಎರಡೂ ಪಾಠ ನನ್ನ ಮಕ್ಕಳಿಗೆ ಅವತ್ತು ಅರ್ಥ ಆಯಿತು.

ಕೆರೆಕೋಡಿ

ಆಹಾ! ಇದು ಪಾಠ ಅಂದ್ರೆ.

ನೀರು ಕೆಮಿಸ್ಟ್

ಮೈಸೂರಿನ ಮೇಡಂ ಹೇಳಿದ್ದು ಸರಿ. ಇನ್ನೆರಡು ಮಾತು ಸೇರಿಸುತ್ತೇನೆ.

25 ಡಿಗ್ರಿ ತಾಪದಲ್ಲಿ, ಸಮುದ್ರಮಟ್ಟದಲ್ಲಿ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಲೀಟರಿಗೆ 8 ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಎತ್ತರದ ಊರಿನಲ್ಲಿ ಇನ್ನೂ ಕಡಿಮೆ. ಮಧ್ಯಾಹ್ನದ ಹೊತ್ತಿಗೆ ಅದನ್ನು ಮೀರಿ 11, 12 ಬಂದರೆ ಕೆರೆ ಶುದ್ಧ ಅಂತ ಅರ್ಥ ಅಲ್ಲ, ಪಾಚಿ ಅತಿಯಾಗಿದೆ ಅಂತ ಅರ್ಥ. ಹಲವು ವರದಿಗಳಲ್ಲಿ ಹನ್ನೊಂದು ಗಂಟೆಗೆ ಹೋಗಿ ಒಂದೇ ಸಲ ಅಳೆದು "ಉತ್ತಮ" ಅಂತ ಬರೆದಿರುತ್ತಾರೆ. ದಯವಿಟ್ಟು ಅಳೆದ ಸಮಯ ಬರೆಸಿ.

ಇನ್ನೊಂದು, ವಿಂಕ್ಲರ್‌ಗೆ ಗಾಢ ಗಂಧಕಾಮ್ಲ ಬೇಕು. ಕ್ಷಾರದ ದ್ರಾವಣದಲ್ಲಿ ಸೋಡಿಯಂ ಅಝೈಡ್ ಇರುತ್ತದೆ, ಅದು ವಿಷ. ಈ ಎರಡನ್ನೂ ಸಂಶೋಧನಾ ವಿದ್ಯಾರ್ಥಿಯೇ ಹಾಕಬೇಕು, ಕೈಗವಸು, ಕನ್ನಡಕ ಹಾಕಿಕೊಂಡು. ಟೈಟ್ರೇಷನ್, ಅಂದರೆ ಬ್ಯುರೆಟ್‌ನಿಂದ ತೊಟ್ಟು ಬಿಡುವ ಕೆಲಸ, ಮಕ್ಕಳು ಮಾಡಲಿ. ಉಳಿದ ದ್ರಾವಣವನ್ನು ಶಾಲೆಯ ಸಿಂಕಿಗೆ ಸುರಿಯಬಾರದು, ತಂದವರೇ ವಾಪಸ್ ತೆಗೆದುಕೊಂಡು ಹೋಗಬೇಕು. ಇದನ್ನೂ ಷರತ್ತಿನಲ್ಲಿ ಸೇರಿಸಿ ಮಿಸ್.

ಧಾರವಾಡದ ಮಳೆ

ಕೆಮಿಕಲ್ ಬ್ಯಾಡ ಅನ್ನುವವರಿಗೆ ಕೀಟದ ದಾರಿ ಇದೆ ನೋಡ್ರಿ. ಒಂದು ಚಹಾ ಸೋಸುವ ಜರಡಿ, ಬಿಳಿ ತಟ್ಟೆ ಸಾಕು. ದಂಡೆಯ ಕಲ್ಲು, ಕೆಸರು ಕೆದಕಿ ಜರಡಿಯಲ್ಲಿ ಹಿಡಿದು ತಟ್ಟೆಗೆ ಸುರಿಯುವುದು. ಬರೀ ಕೆಂಪು ಹುಳು ಕಂಡರೆ ತಳದಲ್ಲಿ ಆಮ್ಲಜನಕ ಕಡಿಮೆ. ಆ ಹುಳುವಿನ ಮೈಯಲ್ಲಿ ನಮ್ಮ ಹಾಗೆ ಹಿಮೋಗ್ಲೋಬಿನ್ ಇದೆ, ಅದಕ್ಕೇ ಕೆಂಪು, ಅದಕ್ಕೇ ಅಲ್ಲಿ ಬದುಕುತ್ತದೆ. ಹರಿಯುವ ಹಳ್ಳದಲ್ಲಿ ಮೇಫ್ಲೈ ಅನ್ನುವ ಕೀಟದ ಮರಿಗಳು ಸಿಕ್ಕರೆ ನೀರು ಚಲೋ ಇದೆ ಅಂತ. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಲ್ಲಿ ಇರುತ್ತದೆ ಅನ್ನುವುದೇ ಬಹಳ ಮಕ್ಕಳಿಗೆ ಹೊಸ ಸುದ್ದಿ.

ಎಸ್‌ಡಿಎಂಸಿ ಅಪ್ಪ

ನಮ್ಮ ಮನೆಯಲ್ಲಿ ಟಿಡಿಎಸ್ ಮೀಟರ್ ಇದೆ. 250 ರೂಪಾಯಿಗೆ ಆನ್‌ಲೈನಲ್ಲಿ ಸಿಗುತ್ತೆ. ಅದನ್ನೇ ಮಕ್ಕಳಿಗೆ ಕೊಟ್ಟರೆ ಸಾಲದಾ? ಇಷ್ಟೆಲ್ಲ ಯಾಕೆ?

ನೀರು ಕೆಮಿಸ್ಟ್

ಸಾಲದು ಸರ್. ಟಿಡಿಎಸ್ ಮೀಟರ್ ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅನ್ನುವ ಅಂದಾಜು ಕೊಡುತ್ತದೆ. ಅದು ಉಪ್ಪೋ ಸುಣ್ಣವೋ ಫ್ಲೋರೈಡೋ ಅಂತ ಹೇಳುವುದಿಲ್ಲ. ರೋಗಾಣು ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಟಿಡಿಎಸ್ ಕಡಿಮೆ ಇರುವ ನೀರಿನಲ್ಲೂ ಫ್ಲೋರೈಡ್ ಜಾಸ್ತಿ ಇರಬಹುದು.

ಕೋಲಾರದವ

ಫ್ಲೋರೈಡ್ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸುವ ಮೊದಲು ಇದನ್ನು ಯೋಚನೆ ಮಾಡಿ.

ನಮ್ಮ ಕಡೆ, ಪಾವಗಡದ ಕಡೆ ಎಲ್ಲ ಗ್ರಾನೈಟ್ ಬಂಡೆ. ಬೋರ್ ಆಳಕ್ಕೆ ಹೋದಷ್ಟೂ ನೀರು ಬಂಡೆಯ ಜೊತೆ ಜಾಸ್ತಿ ಕಾಲ ಕೂತಿರುತ್ತದೆ, ಫ್ಲೋರೈಡ್ ಕರಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಅಂತ ಭಾರತೀಯ ಮಾನಕ. ನಮ್ಮ ಶಾಲೆಯಲ್ಲಿ ಒಂದು ಸಲ ಕಿಟ್ ತಂದು ಮಕ್ಕಳಿಂದಲೇ ಮನೆ ನೀರು ತರಿಸಿ ನೋಡಿದರು. ಗುಲಾಬಿ ಬಣ್ಣ ಇದ್ದದ್ದು ಫ್ಲೋರೈಡ್ ಇದ್ದಷ್ಟೂ ಹಳದಿಗೆ ತಿರುಗುತ್ತದೆ. ಒಬ್ಬ ಹುಡುಗಿಯ ಮನೆ ನೀರು ಪೂರ್ತಿ ಹಳದಿ. ಅವಳ ಹಲ್ಲಿನಲ್ಲಿ ಕಂದು ಕಲೆ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ತರಗತಿಯಲ್ಲಿ ಎಲ್ಲರೂ ಅವಳ ಮುಖ ನೋಡಿದರು. ಅವಳು ಮಾರನೇ ದಿನ ಶಾಲೆಗೆ ಬರಲಿಲ್ಲ.

ಪರೀಕ್ಷೆ ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ಆಮೇಲೆ ಏನು ಅಂತ ಯಾರೂ ಯೋಚಿಸಿರಲಿಲ್ಲ.

ಸಿಬಿಝಡ್ ಮಿಸ್

ಅಯ್ಯೋ. ಇದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಮನೆ ನೀರು ತರಿಸುವುದೇ ಬೇಡವಾ?

ನೀರು ಕೆಮಿಸ್ಟ್

ತರಿಸಿ, ಆದರೆ ಸೀಸೆಯ ಮೇಲೆ ಹೆಸರು ಬೇಡ, ನಂಬರ್ ಮಾತ್ರ. ಯಾವ ನಂಬರ್ ಯಾರ ಮನೆಯದು ಅಂತ ನಿಮಗೊಬ್ಬರಿಗೇ ಗೊತ್ತಿರಲಿ. ಜಾಸ್ತಿ ಬಂದ ಮನೆಗೆ ನೀವೇ ಹೋಗಿ ಹೇಳಿ. ಕಿಟ್‌ನಲ್ಲಿ ಬಂದಿದ್ದು ಅಂದಾಜು ಮಾತ್ರ, ಅದೇ ನೀರನ್ನು ಜಿಲ್ಲೆಯ ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಲ್ಯಾಬಿನಲ್ಲಿ ಇನ್ನೊಮ್ಮೆ ನೋಡಿಸಬೇಕು.

ಹೇಳುವಾಗ ಒಂದು ಮುಖ್ಯ ವಿಷಯ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಜಾಸ್ತಿಯೇ ಆಗುತ್ತದೆ. ಆರ್‌ಒ (ಶುದ್ಧ ನೀರಿನ) ಘಟಕದ ನೀರು ತರಬೇಕು. ಇನ್ನೊಂದು, ಹಲ್ಲಿನ ಕಲೆ ಬರುವುದು ಹಲ್ಲು ವಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದ ಒಳಗೆ. ಒಂಬತ್ತನೇ ತರಗತಿ ಮಕ್ಕಳದು ಆಗಿಹೋಗಿದೆ. ಮನೆಯಲ್ಲಿ ಪುಟ್ಟ ತಮ್ಮ ತಂಗಿ ಇದ್ದರೆ ಅವರಿಗೆ ಮೊದಲು ಒಳ್ಳೆಯ ನೀರು ಸಿಗಬೇಕು. ಇದನ್ನು ಹೇಳಿದರೆ ತಾಯಂದಿರು ಖಂಡಿತ ಕೇಳುತ್ತಾರೆ.

ಎಸ್‌ಡಿಎಂಸಿ ಅಪ್ಪ

ನಮ್ಮೂರ ಶುದ್ಧ ನೀರಿನ ಘಟಕಕ್ಕೆ ಕಾಯಿನ್ ಹಾಕಿದರೆ ಒಂದು ಕ್ಯಾನ್ ಬರುತ್ತೆ. ಕೆಟ್ಟು ನಿಂತರೆ ತಿಂಗಳುಗಟ್ಟಲೆ ರಿಪೇರಿ ಇಲ್ಲ. ಆಗ ಎಲ್ಲರೂ ಮತ್ತೆ ಬೋರ್ ನೀರೇ ಕುಡಿಯೋದು. ಅದನ್ನೂ ಯಾರಾದರೂ ಸಂಶೋಧನೆ ಮಾಡಲಿ.

ಧಾರವಾಡದ ಮಳೆ

ಘಟಕದಿಂದ ಹೊರಗೆ ಬಿಡುವ ನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡಿದ್ದೀರಾ? ತೆಗೆದ ಫ್ಲೋರೈಡ್ ಎಲ್ಲ ಆ ನೀರಿನಲ್ಲೇ ಇರುತ್ತದೆ. ನಮ್ಮಲ್ಲಿ ಅದನ್ನು ಪಕ್ಕದ ಚರಂಡಿಗೆ ಬಿಟ್ಟಿದ್ದಾರೆ, ದನ ಕುಡಿಯುತ್ತವೆ.

ಪಿಎಚ್‌ಡಿ ಮೂರನೇ ವರ್ಷ

ಎಸ್‌ಡಿಎಂಸಿ ಸರ್, ಧಾರವಾಡದವರೇ, ನೀವಿಬ್ಬರು ಈಗ ಕೇಳಿದ್ದು ಮಕ್ಕಳ ಪ್ರಾಜೆಕ್ಟಿಗೆ ಬಹಳ ಒಳ್ಳೆಯ ವಿಷಯ. ಘಟಕ ತಿಂಗಳಿಗೆ ಎಷ್ಟು ದಿನ ಕೆಲಸ ಮಾಡಿತು, ಹೊರಬಿಡುವ ನೀರು ಎಲ್ಲಿ ಸೇರುತ್ತದೆ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದರೂ ಅದು ಸಂಶೋಧನೆಯೇ. ನಮ್ಮ ಲ್ಯಾಬಿನಲ್ಲಿ ಯಾರಿಗೂ ಇದು ಹೊಳೆದಿಲ್ಲ, ಯಾಕೆಂದರೆ ನಮ್ಮಲ್ಲಿ ಯಾರೂ ಆ ನೀರಿಗಾಗಿ ಸಾಲಿನಲ್ಲಿ ನಿಲ್ಲುವುದಿಲ್ಲ.

ಕೆರೆಕೋಡಿ

ಇಲ್ಲೇ ನನ್ನ ತಕರಾರು. ವಿಶ್ವವಿದ್ಯಾಲಯದವರು ಸಾಮಾನ್ಯವಾಗಿ ಪ್ರಶ್ನೆಯನ್ನು ತಾವೇ ತೀರ್ಮಾನ ಮಾಡಿಕೊಂಡು ಬರುತ್ತಾರೆ. ಮಕ್ಕಳು ಸ್ಯಾಂಪಲ್ ಹೊರುವ ಕೂಲಿಗಳಾಗುತ್ತಾರೆ. ಮೈಸೂರಿನ ಮೇಡಂ ಹೇಳಿದ ಹುಡುಗಿ ಪ್ರಶ್ನೆಯನ್ನು ಮಕ್ಕಳಿಂದ ಬರಿಸಿದಳು, ಅದಕ್ಕೇ ಗೆದ್ದಳು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರ ತಂಡ 1990ರ ದಶಕದಲ್ಲಿ ಜನರ ಜೀವವೈವಿಧ್ಯ ದಾಖಲೆ ಶುರು ಮಾಡಿದಾಗ ಊರಿನ ಜನ, ಮೇಷ್ಟ್ರು, ವಿದ್ಯಾರ್ಥಿಗಳು ತಮಗೆ ಗೊತ್ತಿದ್ದನ್ನು ತಾವೇ ಬರೆಯಬೇಕು ಅನ್ನುವುದೇ ಅದರ ಮೂಲವಾಗಿತ್ತು. 2002ರ ಜೀವವೈವಿಧ್ಯ ಕಾಯ್ದೆ ಬಂದ ಮೇಲೆ ಅದು ಪಂಚಾಯಿತಿಯ ಕೆಲಸವೇ ಆಯಿತು. ಎಷ್ಟು ಶಾಲೆಗಳಲ್ಲಿ ಮಕ್ಕಳಿಗೆ ತಮ್ಮ ಪಂಚಾಯಿತಿಯ ದಾಖಲೆಯನ್ನು ತೋರಿಸಿದ್ದಾರೆ?

ನಿವೃತ್ತ ಮೇಷ್ಟ್ರು

ಕೆರೆಕೋಡಿಯವರೇ, ಮಕ್ಕಳು ಅಳೆದ ಅಂಕಿಅಂಶವನ್ನು ಯಾರು ನಂಬುತ್ತಾರೆ? ಒಬ್ಬ 6 ಅಂತಾನೆ, ಇನ್ನೊಬ್ಬ 9 ಅಂತಾನೆ. ಅದನ್ನು ಸಂಶೋಧನೆ ಅನ್ನೋದು ಜಾಸ್ತಿ ಆಯಿತು.

ಪಿಎಚ್‌ಡಿ ಮೂರನೇ ವರ್ಷ

ಮೇಷ್ಟ್ರೇ, 6 ಮತ್ತು 9 ಬಂದಾಗಲೇ ಕಲಿಕೆ ಶುರು. ಒಂದೇ ನೀರನ್ನು ಮೂರು ಗುಂಪಿಗೆ ಕೊಡುತ್ತೇವೆ. ಉತ್ತರ ಬೇರೆ ಬೇರೆ ಬಂದರೆ ಯಾಕೆ ಅಂತ ಅವರೇ ಹುಡುಕಬೇಕು. ಬ್ಯುರೆಟ್ ಓದುವಾಗ ಕಣ್ಣು ಮೇಲಿತ್ತಾ? ಬಾಟಲಿಯಲ್ಲಿ ಗಾಳಿಗುಳ್ಳೆ ಉಳಿದಿತ್ತಾ? ಅದೇ ನೀರಿನ ಒಂದು ಪಾಲು ನಮ್ಮ ಲ್ಯಾಬಿಗೂ ಹೋಗುತ್ತದೆ, ತಾಳೆ ನೋಡುತ್ತೇವೆ. ಒಂದೆರಡು ತಿಂಗಳಾದ ಮೇಲೆ ಮಕ್ಕಳ ಅಳತೆ ನಮ್ಮ ಅಳತೆಗೆ ಹತ್ತಿರ ಬರುತ್ತದೆ. ನಾವು ತಿಂಗಳಿಗೊಮ್ಮೆ ಹೋಗುವ ಕೆರೆಗೆ ಅವರು ವಾರ ವಾರವೂ ಹೋಗಬಹುದು. ಯಾವ ಲ್ಯಾಬಿಗೂ ಅಷ್ಟು ದಟ್ಟವಾದ ದಾಖಲೆ ಸಿಗುವುದಿಲ್ಲ.

ಹೊಂಗೆ ನೆರಳು

ಅಳತೆಯೇ ಬೇಡ ಅಂದರೆ ಮರ ನೋಡಿ. ಸೀಸನ್‌ವಾಚ್ ಅಂತ ಇದೆ, ಕೇರಳದ ಸಾವಿರಾರು ಶಾಲಾ ಮಕ್ಕಳು ಅದರಲ್ಲಿದ್ದಾರೆ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ನೋಡುವುದು. ಚಿಗುರು ಇದೆಯಾ, ಹೂವು ಇದೆಯಾ, ಕಾಯಿ ಇದೆಯಾ. ಇಲ್ಲ, ಸ್ವಲ್ಪ, ತುಂಬಾ, ಇಷ್ಟೇ ಬರೆಯಬೇಕು. ಏಪ್ರಿಲ್‌ನಲ್ಲಿ ವಿಷುವಿಗೆ ಹೂ ಬಿಡಬೇಕಾದ ಕಕ್ಕೆ ಮರ ಹೊತ್ತಲ್ಲದ ಹೊತ್ತಿನಲ್ಲಿ ಅರಳುವುದನ್ನು ಆ ದಾಖಲೆ ತೋರಿಸಿದೆ. ಖರ್ಚು ಸೊನ್ನೆ. ನಮ್ಮ ಶಾಲೆಯಲ್ಲಿ ಹೊಂಗೆ, ಮಾವು, ಬೇವು ನೋಡುತ್ತಿದ್ದೇವೆ.

ಸಾಗರದ ಅಕ್ಕ

ಮಲೆನಾಡಿನ ಶಾಲೆಗಳಿಗೆ ಕಪ್ಪೆ ಇದೆ ಮಾರಾಯ್ರೇ! ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಸಿಕ್ಕ ಕುಂಬಾರ ಕಪ್ಪೆ ಗೊತ್ತಾ? 2014ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಪ್ರಭೇದ ಅಂತ ವಿವರಿಸಿದರು. ಗಂಡು ಕಪ್ಪೆ ಮುಂಗಾಲಿನಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಮೊಟ್ಟೆ ಒಣಗದ ಹಾಗೆ, ಬೇರೆಯವರ ಕಣ್ಣಿಗೆ ಬೀಳದ ಹಾಗೆ. ನಮ್ಮೂರ ಮಕ್ಕಳಿಗೆ ಇದನ್ನು ಹೇಳಿದ ಮೇಲೆ ಮಳೆಗಾಲದ ಸಂಜೆ ಕೂಗು ಕೇಳಿ ಯಾವ ಕಪ್ಪೆ ಅಂತ ಹೇಳುವುದಕ್ಕೆ ಪೈಪೋಟಿ. ಮೊದಲು ಕಲ್ಲು ಹೊಡೆಯುತ್ತಿದ್ದರು.

ಎಸ್‌ಡಿಎಂಸಿ ಅಪ್ಪ

ಕಪ್ಪೆ, ಮರ ಎಲ್ಲ ಸರಿ. ನಾನು ಅಪ್ಪನಾಗಿ ಕೇಳುತ್ತೇನೆ. ಕೆರೆ ಹತ್ತಿರ ಮಕ್ಕಳನ್ನು ಕರೆದುಕೊಂಡು ಹೋಗೋದು ಹೇಗೆ? ಹೂಳು ತೆಗೆದ ಗುಂಡಿಗಳು ನೀರು ತುಂಬಿದ ಮೇಲೆ ಕಾಣೋದಿಲ್ಲ. ನಮ್ಮ ತಾಲ್ಲೂಕಿನಲ್ಲೇ ಮಕ್ಕಳು ಮುಳುಗಿ ಹೋಗಿದ್ದಾರೆ.

ಮೈಸೂರ ಜೀವಶಾಸ್ತ್ರ

ನಿಮ್ಮ ಭಯ ನ್ಯಾಯವಾದದ್ದೇ ಸರ್. ನಾವು ಯಾವ ಮಗುವನ್ನೂ ನೀರಿಗೆ ಇಳಿಸಿಲ್ಲ. ಉದ್ದ ಬಿದಿರಿಗೆ ಸೀಸೆ ಕಟ್ಟಿ ತೂಬಿನ ಕಟ್ಟೆ ಮೇಲಿಂದ ನೀರು ತೆಗೆಯುತ್ತಿದ್ದೆವು. ತೆಗೆಯುವುದು ದೊಡ್ಡವರೇ. ಹಗ್ಗ, ಗಾಳಿ ತುಂಬಿದ ಟ್ಯೂಬ್, ಈಜು ಬರುವ ಊರಿನವರೊಬ್ಬರು ಜೊತೆಗೆ ಇರಲೇಬೇಕು. ಪೂರ್ತಿ ತರಗತಿ ಒಟ್ಟಿಗೆ ಬೇಡ, ಸಣ್ಣ ಗುಂಪು ಹೋಗಲಿ, ಉಳಿದವರು ಶಾಲೆಯಲ್ಲೇ ಪರೀಕ್ಷೆ ಮಾಡಲಿ. ಹೆಣ್ಣುಮಕ್ಕಳನ್ನು ಶಾಲೆಯ ಕೆಲಸಕ್ಕೆ, ಗಂಡುಮಕ್ಕಳನ್ನು ಕೆರೆಗೆ ಅಂತ ಮಾತ್ರ ಮಾಡಬೇಡಿ ಮಿಸ್. ಸರದಿ ಹಾಕಿ.

ಕೋಲಾರದವ

ಫಲಿತಾಂಶ ಕೆಟ್ಟದಾಗಿ ಬಂದರೆ ಪಂಚಾಯಿತಿಯವರು, ಪಕ್ಕದ ಕಾರ್ಖಾನೆಯವರು ಸುಮ್ನೆ ಇರುತ್ತಾರಾ? ಅದನ್ನೂ ಮಾತಾಡಿ. 2018ರಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿಯಿಂದ ಸಂಸ್ಕರಿಸಿದ ಚರಂಡಿ ನೀರು ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂದು ನೊರೆ ಎದ್ದಾಗ ವಿಷಯ ಹೈಕೋರ್ಟಿನ ತನಕ ಹೋಯಿತು. ಕೆರೆ ನೀರಿನ ಅಂಕಿಅಂಶ ಅಂದರೆ ರಾಜಕೀಯವೂ ಹೌದು. ಅದರ ನಡುವೆ ಒಬ್ಬ ಸರ್ಕಾರಿ ಟೀಚರ್ ಒಬ್ಬರೇ ನಿಲ್ಲುವ ಹಾಗೆ ಆಗಬಾರದು.

ಪಿಎಚ್‌ಡಿ ಮೂರನೇ ವರ್ಷ

ಒಪ್ಪುತ್ತೇನೆ. ವರದಿ ವಿಶ್ವವಿದ್ಯಾಲಯದ ಹೆಸರಲ್ಲಿ, ಪ್ರೊಫೆಸರ್ ಸಹಿಯಲ್ಲಿ ಹೋಗಬೇಕು. ಟೀಚರ್ ಸಹಿ ಬೇಡ. ಜೊತೆಗೆ ಶುರುವಿನಲ್ಲೇ ಪಂಚಾಯಿತಿಯನ್ನು ಒಳಗೆ ತೆಗೆದುಕೊಳ್ಳಿ. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಕಿಟ್ ತರಬೇತಿ ಕೊಡಬೇಕು ಅಂತ ಇದೆ. ನಿಮ್ಮೂರಲ್ಲೂ ಅವರು ಯಾರು ಅಂತ ಕೇಳಿ, ಮಕ್ಕಳ ಜೊತೆ ಸೇರಿಸಿ. ಆಗ ಇದು ಊರಿನ ಕೆಲಸ ಆಗುತ್ತದೆ.

ಮಂಗಳೂರು ಕಡಲು

ಮಳೆಯನ್ನೂ ಸೇರಿಸಿಕೊಳ್ಳಿ. ಬಾಟಲಿಯಲ್ಲಿ ಮಾಡಿದ ಮಳೆ ಮಾಪಕ ಸಾಕು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಶಾಲೆಯ ಚಾವಣಿ ಅಳೆದರೆ ಎಷ್ಟು ನೀರು ಹರಿದು ಹೋಯಿತು ಅಂತ ಮಕ್ಕಳೇ ಲೆಕ್ಕ ಹಾಕುತ್ತಾರೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆ ಮಾಪಕ ಇದೆ, ಅದರ ಜೊತೆ ಹೋಲಿಸಬಹುದು. ತೆಂಗಿನ ಮರದ ಕೆಳಗೆ ಮಾತ್ರ ಇಡಬೇಡಿ.

ನಿವೃತ್ತ ಮೇಷ್ಟ್ರು

ಇಷ್ಟು ಹೇಳಿದ ಮೇಲೆ ನನ್ನದೊಂದು ಸಲಹೆ. ನನ್ನ ವಿರೋಧ ಹೊರೆಯ ಬಗ್ಗೆ, ಕಲಿಕೆಯ ಬಗ್ಗೆ ಅಲ್ಲ. ಇದನ್ನು ಒಂಬತ್ತನೇ ತರಗತಿಯ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ತೋರಿಸಿ. ಹೇಗೂ ಪ್ರತಿ ಎಫ್‌ಎಗೆ ಏನಾದರೂ ಚಟುವಟಿಕೆ ಮಾಡಿಸಲೇಬೇಕು, ಚಾರ್ಟ್ ಅಂಟಿಸುವ ಬದಲು ಇದು. ಅಂಕವೂ ಬಂತು, ಪ್ರತ್ಯೇಕ ದಾಖಲೆ ಬರೆಯುವ ಕೆಲಸವೂ ತಪ್ಪಿತು. ಬಿಇಒ ಕಚೇರಿಯಿಂದ ಒಂದು ಅನುಮತಿ ಪತ್ರ ಮೊದಲೇ ತೆಗೆದಿಟ್ಟುಕೊಳ್ಳಿ. ಹತ್ತನೆಯವರನ್ನು ಮುಟ್ಟಬೇಡಿ.

ಸಿಬಿಝಡ್ ಮಿಸ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಎಫ್‌ಎ ಮಾತು ಹೇಳಿದ ಕೂಡಲೇ ಎಚ್.ಎಂ. ಸರ್ ಮುಖ ಅರಳಿತು. ನಾಳೆ ಪ್ರೊಫೆಸರ್‌ಗೆ ಉತ್ತರ ಬರೆಯುತ್ತಿದ್ದೇನೆ. ಇಡೀ ವರ್ಷ ಬರಬೇಕು, ಹಾಳೆಗಳು ಕನ್ನಡದಲ್ಲಿರಬೇಕು, ಮೊದಲ ಭೇಟಿಯಲ್ಲಿ ಯಾವ ಉಪಕರಣವನ್ನೂ ತರದೆ ಮಕ್ಕಳ ಪ್ರಶ್ನೆಗಳನ್ನು ಕೇಳಿಸಿಕೊಳ್ಳಬೇಕು, ವರದಿಗೆ ಅವರೇ ಸಹಿ ಹಾಕಬೇಕು, ಆಮ್ಲ ಅವರೇ ಮುಟ್ಟಬೇಕು. ಮನೆ ನೀರಿನ ವಿಷಯ ಪೋಷಕರ ಸಭೆಯಲ್ಲಿ ಮಾತಾಡಿದ ಮೇಲೇ.

ಒಂದೇ ತೊಡಕು. ಬೆಳಗಿನ ಆಮ್ಲಜನಕ ಅಳೆಯಬೇಕು ಅಂದರೆ ಮಕ್ಕಳು ಆರು ಗಂಟೆಗೆ ಹೇಗೆ ಬರುತ್ತಾರೆ? ಕೆಲವರು ಪಕ್ಕದ ಹಳ್ಳಿಯಿಂದ ಬಸ್ಸಿಗೆ ಬರುವವರು.

ಮೈಸೂರ ಜೀವಶಾಸ್ತ್ರ

ಶನಿವಾರ ಇಟ್ಟುಕೊಳ್ಳಿ, ಹೇಗೂ ಬೆಳಗಿನ ಶಾಲೆ. ಕೆರೆ ಪಕ್ಕದ ಬೀದಿಯ ಮೂವರು ನಾಲ್ವರು ಮಕ್ಕಳ ಮನೆಯವರನ್ನು ಒಪ್ಪಿಸಿ, ನೀವೂ ಆ ಪಿಎಚ್‌ಡಿಯವರೂ ಜೊತೆಗಿದ್ದು ನೀರು ತೆಗೆಯಿರಿ. ದಂಡೆಯಲ್ಲೇ ಪಿಎಚ್‌ಡಿಯವರು ಮೊದಲ ಎರಡು ದ್ರಾವಣ ಹಾಕಿ ಮುಚ್ಚಳ ಬಿಗಿ ಮಾಡಿದರೆ ಆಮ್ಲಜನಕ ಅಲ್ಲಿಗೇ ಹಿಡಿದಿಟ್ಟಂತಾಯಿತು. ಬಾಟಲಿಗಳನ್ನು ಬಿಸಿಲು ಬೀಳದ ಡಬ್ಬಿಯಲ್ಲಿಟ್ಟು ಶಾಲೆಗೆ ತನ್ನಿ. ಪಕ್ಕದ ಹಳ್ಳಿಯವರು ಎಂಟಕ್ಕೆ ಬಂದ ಮೇಲೆ ಆಮ್ಲ ಹಾಕಿಸಿ ಟೈಟ್ರೇಷನ್ ಶುರು ಮಾಡಿ. ನಿಧಾನ ಮಾಡಬೇಡಿ, ಎರಡನೇ ಪಿರಿಯಡ್ ಒಳಗೆ ಮುಗಿಸಿ.